ಬಳ್ಳಾರಿಯ ಶಾಲೆಯಿಂದ ಕೀನ್ಯಾದ ಉಪಾಧ್ಯಕ್ಷ ಪದವಿಗೆ: ಜೋಸೆಫ್ ಮುರುಂಬಿ

ಆಫ್ರಿಕಾ ಖಂಡದ ಸ್ವಾತಂತ್ರ್ಯ ಹೋರಾಟದ ಮಾತು ಬಂದಾಗ ಕೆಲವು ಹೆಸರುಗಳು ಕೂಡಲೇ ನಮ್ಮ ನೆನಪಿಗೆ ಬರುತ್ತವೆ. ಘಾನಾದ ಕ್ವಾಮೆ ಎನ್‌ಕ್ರುಮಾ, ಟಾಂಜಾನಿಯಾದ ಜೂಲಿಯಸ್ ನ್ಯೆರೆರೆ, ಕೀನ್ಯಾದ ಜೋಮೊ ಕೆನ್ಯಾಟಾ, ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ಇವರೆಲ್ಲರೂ ಹೋರಾಟದ ಹಾದಿಯಲ್ಲಿ ನಡೆದು ತಮ್ಮ ತಮ್ಮ ರಾಷ್ಟ್ರಗಳ ಅಧ್ಯಕ್ಷರಾದವರು. ಇದೇ ಹಾದಿಯಲ್ಲಿ ನಡೆದು, ಅಧ್ಯಕ್ಷ ಪದವಿಗೆ ಒಂದೇ ಮೆಟ್ಟಿಲು ಕೆಳಗಿನ ಸ್ಥಾನವನ್ನು ತಲುಪಿ, ಕೆಲವೇ ತಿಂಗಳುಗಳಲ್ಲಿ ಅದನ್ನು ತಾವಾಗಿಯೇ ತೊರೆದ ಇನ್ನೊಬ್ಬರಿದ್ದಾರೆ. ಅವರು ಕೀನ್ಯಾದ ಎರಡನೆಯ ಉಪಾಧ್ಯಕ್ಷ ಜೋಸೆಫ್ ಮುರುಂಬಿ. ಅವರು ಓದು ಬರಹ ಕಲಿತದ್ದು ಕನ್ನಡ ನಾಡಿನಲ್ಲಿ. ಮೊದಲು ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟಿನಲ್ಲಿ, ಅನಂತರ ಬಳ್ಳಾರಿಯ ಸಂತ ಪ್ಯಾಂಕ್ರಸ್ ಯುರೋಪಿಯನ್ ಬಾಲಕರ ಪ್ರೌಢಶಾಲೆಯಲ್ಲಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಓದುಗರಿಗೆ ಈ ಸಂಗತಿ ದೂರದ್ದೆಂದು ತೋರಬೇಕಾಗಿಲ್ಲ. ಇಂದು ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆಯಾದರೂ, ಮುರುಂಬಿಯವರು ಬಳ್ಳಾರಿಯಲ್ಲಿ ಓದುತ್ತಿದ್ದ ಕಾಲಕ್ಕೆ ಈ ಸೀಮೆಯೆಲ್ಲವೂ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯೇ ಆಗಿತ್ತು. ಆ ಬಾಲಕ ಕಲಿತದ್ದು ನಮ್ಮ ಹಿರಿಯರು ಕಂದಾಯ ಕಟ್ಟಲು, ಕೋರ್ಟು ಕಚೇರಿಗೆ ಅಲೆಯಲು ಹೋಗುತ್ತಿದ್ದ ಅದೇ ಜಿಲ್ಲಾ ಕೇಂದ್ರದಲ್ಲಿ.

ಕಡಲು ದಾಟಿ ಬಂದ ಬಾಲಕ

ಜೋಸೆಫ್ ಜುಜಾರ್ತೆ ಮುರುಂಬಿ ಹುಟ್ಟಿದ್ದು 1911ರ ಜೂನ್ 18ರಂದು, ಕೀನ್ಯಾದ ರಿಫ್ಟ್ ಕಣಿವೆಯ ಪ್ರದೇಶದಲ್ಲಿ. ತಂದೆ ಪೀಟರ್ ಜುಜಾರ್ತೆ ಗೋವಾದಿಂದ ಹೋಗಿ ಅಲ್ಲಿ ನೆಲೆಸಿದ ಕಥೋಲಿಕ ವ್ಯಾಪಾರಿ. ತಾಯಿ ದನ ಮೇಯಿಸಿ ಬದುಕುವ ಮಸಾಯಿ ಬುಡಕಟ್ಟಿನ ಹೆಣ್ಣುಮಗಳು. ಉಗಾಂಡಾ ರೈಲುಮಾರ್ಗ ಹಾಕಲು ಭಾರತದಿಂದ ಸಾವಿರಾರು ಕೂಲಿಗಳು ಪೂರ್ವ ಆಫ್ರಿಕಕ್ಕೆ ಹೋಗಿದ್ದ, ಅವರ ಬೆನ್ನಿಗೆ ಗುಜರಾತಿ ವರ್ತಕರೂ ಗೋವಾದ ಗುಮಾಸ್ತರೂ ಬಾಣಸಿಗರೂ ಹೋಗಿ ನೆಲೆಯೂರಿದ್ದ ಕಾಲವದು.

ಬಾಲಕನಿಗೆ ಆರು ವರ್ಷವಾಗುತ್ತಲೇ ತಂದೆ ಅವನನ್ನು ವಿದ್ಯಾಭ್ಯಾಸಕ್ಕಾಗಿ ಭಾರತಕ್ಕೆ ಕಳುಹಿಸಿದರು. ಜಗತ್ತಿನ ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅಷ್ಟು ಎಳೆಯ ವಯಸ್ಸಿನಲ್ಲಿ ತಾಯಿಯ ಮಡಿಲನ್ನೂ ತಾಯಿಯ ನುಡಿಯನ್ನೂ ಬಿಟ್ಟು ಅರಬ್ಬೀ ಸಮುದ್ರ ದಾಟಿ ಬಂದ ಮಗು, ಯೌವನಕ್ಕೆ ಬರುವವರೆಗೂ ಇಲ್ಲಿಯೇ ಬೆಳೆಯಿತು. ಬೆಂಗಳೂರಿನ ಕಾನ್ವೆಂಟಿನ ಕನ್ಯಾಸ್ತ್ರೀಯರ ಆರೈಕೆಯಲ್ಲಿ ಅಕ್ಷರಾಭ್ಯಾಸ, ಅನಂತರ ಬಳ್ಳಾರಿಯಲ್ಲಿ ಪ್ರೌಢ ಶಿಕ್ಷಣ.

ಬಳ್ಳಾರಿಯ ಆ ಶಾಲೆಯ ಹೆಸರಿನಲ್ಲಿಯೇ ಎರಡು ಅರ್ಥಗಳು ಅಡಗಿವೆ. ಸಂತ ಪ್ಯಾಂಕ್ರಸ್ ಪ್ರಾಚೀನ ರೋಮಿನಲ್ಲಿ ಹದಿನಾಲ್ಕರ ಹರೆಯದಲ್ಲಿಯೇ ವಿಶ್ವಾಸಕ್ಕಾಗಿ ಪ್ರಾಣ ತೆತ್ತನೆಂದು ಧರ್ಮಸಭೆಯ ಸಂಪ್ರದಾಯ ಹೇಳುವ ಬಾಲಕ ರಕ್ತಸಾಕ್ಷಿ. ಹುಡುಗರ ಶಾಲೆಗೆ ಅದಕ್ಕಿಂತ ತಕ್ಕ ಪಾಲಕ ಸಂತ ದೊರೆಯಲಾರ. ಆದರೆ ಅದೇ ಹೆಸರಿಗೆ ಅಂಟಿದ 'ಯುರೋಪಿಯನ್' ಎಂಬ ಪದ ಆ ಕಾಲದ ವರ್ಣಭೇದವನ್ನು ಸಾರುತ್ತದೆ. ಬ್ರಿಟಿಷರ ಆಡಳಿತದಲ್ಲಿ ಯುರೋಪಿಯನ್ನರ ಹಾಗೂ ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದವು, ಅವುಗಳಿಗೆ ಪ್ರತ್ಯೇಕ ನಿಯಮಾವಳಿಯೂ ಇತ್ತು. ಅರ್ಧ ಗೋವಾ, ಅರ್ಧ ಮಸಾಯಿ ರಕ್ತದ ಬಾಲಕನೊಬ್ಬ ಅಂಥ ಶಾಲೆಯ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದನೆಂಬುದು ಗಮನಾರ್ಹ. ತಾನು ಯಾರವನು ಎಂಬ ಪ್ರಶ್ನೆ ಆತನ ಬೆನ್ನು ಬಿಡದೆ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೆರೆಮನೆಗಳ ಊರು

ಆ ವರ್ಷಗಳ ಬಳ್ಳಾರಿ ಬರಿಯ ವ್ಯಾಪಾರದ ಊರಾಗಿರಲಿಲ್ಲ. ಕೋಟೆ, ದಂಡು, ಸೆರೆಮನೆ ಮೂರೂ ಕೂಡಿದ ಊರು ಅದು. 1921ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ರೈಲು ನಿಲ್ದಾಣದಲ್ಲಿಯೇ ರಾತ್ರಿ ಕಳೆದರು. ಅದೇ ವರ್ಷ ನವೆಂಬರಿನಲ್ಲಿ ಮಲಬಾರಿನ ಮಾಪಿಳ್ಳೆ ಬಂದಿಗಳನ್ನು ಗಾಳಿಯಾಡದ ಸರಕು ಸಾಗಣೆಯ ಬೋಗಿಯೊಂದರಲ್ಲಿ ತುಂಬಿ ತಿರೂರಿನಿಂದ ಕಳುಹಿಸಿದಾಗ ಅರವತ್ತಕ್ಕೂ ಹೆಚ್ಚು ಮಂದಿ ದಾರಿಯಲ್ಲಿ ಉಸಿರುಗಟ್ಟಿ ಸತ್ತರು. ಆ ಬೋಗಿ ಸೇರಬೇಕಾಗಿದ್ದುದು ಬಳ್ಳಾರಿಯ ಸೆರೆಮನೆಯನ್ನು. ಮುಂದಿನ ದಶಕಗಳಲ್ಲಿ ಮದರಾಸು ಪ್ರಾಂತದ ಎಷ್ಟೋ ಸತ್ಯಾಗ್ರಹಿಗಳು ಬಳ್ಳಾರಿಯ ಅಲ್ಲೀಪುರ ಸೆರೆಮನೆಯಲ್ಲಿ ದಿನ ಕಳೆದರು.

ಜಿಲ್ಲೆಯ ಪಶ್ಚಿಮ ಭಾಗದಲ್ಲಿಯೂ ಹೊಸ ಗಾಳಿ ಬೀಸುತ್ತಿತ್ತು. ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ 1902ರಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪನವರು ಕಾನೂನು ಓದಿ ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಹಿಡಿದು, ಸ್ವಾತಂತ್ರ್ಯ ಹೋರಾಟದಲ್ಲಿ ಧುಮುಕಿ ಸೆರೆಮನೆ ಕಂಡರು. ಮುಂದೆ ನಾಡಿನ ಮುಖ್ಯಮಂತ್ರಿಯೂ 1968ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ಒಂದೇ ಜಿಲ್ಲೆಯ ನೆಲದಲ್ಲಿ ಒಬ್ಬರು ಹುಟ್ಟಿದರು, ಇನ್ನೊಬ್ಬರು ಕಲಿತರು. ಇಬ್ಬರೂ ತಮ್ಮ ತಮ್ಮ ರಾಷ್ಟ್ರಗಳ ಸ್ವಾತಂತ್ರ್ಯಕ್ಕೆ ದುಡಿದರು. ಒಬ್ಬರ ಹೆಸರು ನಮ್ಮ ಮಕ್ಕಳ ಬಾಯಲ್ಲಿದೆ. ಮತ್ತೊಬ್ಬರನ್ನು ನಾವು ಬಲ್ಲವರೇ ಅಲ್ಲ.

ತಾಯಿಯ ಕಡೆಯ ಹೆಸರು

1930ರ ದಶಕದ ಆರಂಭದಲ್ಲಿ ಜೋಸೆಫ್ ಕೀನ್ಯಾಕ್ಕೆ ಮರಳಿದರು. ಹುಟ್ಟಿದ ನೆಲವೇ ಆದರೂ ಅವರಿಗೆ ಅದು ಹೊಸ ದೇಶ. ಅಲ್ಲಿ ಮನುಷ್ಯರನ್ನು ಬಣ್ಣದ ಮೇಲೆ ಮೂರು ಮೆಟ್ಟಿಲುಗಳಲ್ಲಿ ನಿಲ್ಲಿಸಲಾಗಿತ್ತು. ಮೇಲಿನ ಮೆಟ್ಟಿಲಲ್ಲಿ ಬಿಳಿಯರು, ನಡುವೆ ಏಷ್ಯನ್ನರು, ಕೆಳಗೆ ಆ ನೆಲದ ಒಡೆಯರೇ ಆದ ಆಫ್ರಿಕನ್ನರು. ಒಂದೇ ಕೆಲಸಕ್ಕೆ ಮೂರು ಬಗೆಯ ಸಂಬಳ, ಮೂರು ಬಗೆಯ ಶಾಲೆ, ಮೂರು ಬಗೆಯ ಆಸ್ಪತ್ರೆ. ಎತ್ತರದ ತಂಪು ಪ್ರದೇಶದ ಫಲವತ್ತಾದ ಭೂಮಿ ಬಿಳಿಯರಿಗೇ ಮೀಸಲು. ಆಫ್ರಿಕನ್ ಗಂಡಸು ಕೆಲಸಕ್ಕೆ ಹೋಗಬೇಕಾದರೆ ತನ್ನ ಬೆರಳಚ್ಚುಳ್ಳ 'ಕಿಪಾಂಡೆ' ಎಂಬ ಗುರುತು ಚೀಟಿಯನ್ನು ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ನೇತುಹಾಕಿಕೊಳ್ಳಬೇಕಾಗಿತ್ತು.

ಇಂಥ ವ್ಯವಸ್ಥೆಯಲ್ಲಿ ತಂದೆಯ ಹೆಸರನ್ನು ಹಿಡಿದು ನಡೆದಿದ್ದರೆ ಜೋಸೆಫ್ ಜುಜಾರ್ತೆ ನಡುವಿನ ಮೆಟ್ಟಿಲಲ್ಲಿ ನೆಮ್ಮದಿಯಾಗಿ ನಿಲ್ಲಬಹುದಾಗಿತ್ತು. ಇಂಗ್ಲಿಷ್ ಶಿಕ್ಷಣವಿತ್ತು, ಗೋವಾದ ಸಮಾಜದ ಆಸರೆಯಿತ್ತು, ಗುಮಾಸ್ತಿಕೆ ಕೈಗೆಟುಕುವಂತಿತ್ತು. ಆದರೆ ಅವರು ತಾಯಿಯ ಮನೆತನದ 'ಮುರುಂಬಿ' ಎಂಬ ಹೆಸರನ್ನು ಧರಿಸಿದರು. ತಾನು ಆಫ್ರಿಕನ್ ಎಂದು ಹೇಳಿಕೊಂಡರು. ಇದು ಬರಿಯ ಹೆಸರಿನ ಬದಲಾವಣೆಯಲ್ಲ. ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಸ್ವಂತ ಇಚ್ಛೆಯಿಂದ ಇಳಿದು ನಿಲ್ಲುವ ನಿರ್ಧಾರ. ತಂದೆಯನ್ನು ನಿರಾಕರಿಸಲು ಅವರು ಹೀಗೆ ಮಾಡಲಿಲ್ಲವೆಂಬುದನ್ನೂ ಮರೆಯಬಾರದು. ಜುಜಾರ್ತೆ ಎಂಬುದು ಕೊನೆಯವರೆಗೂ ಅವರ ಹೆಸರಿನ ನಡುವೆ ಉಳಿದೇ ಇತ್ತು.

ಹೋರಾಟದ ಕಣಕ್ಕೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುರುಂಬಿಯವರು ಸೊಮಾಲಿಯಾದಲ್ಲಿ ಬ್ರಿಟಿಷ್ ಮಿಲಿಟರಿ ಆಡಳಿತದ ನೌಕರಿಗೆ ಸೇರಿ ಸುಮಾರು ಹತ್ತು ವರ್ಷ ದುಡಿದರು. ಮರಳಿ ಬರುವ ವೇಳೆಗೆ ಕೀನ್ಯಾ ಹೊತ್ತಿ ಉರಿಯುವ ಹಂತದಲ್ಲಿತ್ತು. 1952ರ ಅಕ್ಟೋಬರ್ 20ರಂದು ಬ್ರಿಟಿಷ್ ಸರಕಾರ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿತು. ಕೀನ್ಯಾ ಆಫ್ರಿಕನ್ ಯೂನಿಯನ್ನಿನ ಅಧ್ಯಕ್ಷ ಜೋಮೊ ಕೆನ್ಯಾಟಾ ಮತ್ತು ಪ್ರಮುಖ ನಾಯಕರನ್ನು ರಾತ್ರೋರಾತ್ರಿ ಸೆರೆಹಿಡಿಯಲಾಯಿತು. ಮುಂದಾಳುಗಳೆಲ್ಲ ಕಂಬಿಗಳ ಹಿಂದೆ ಸೇರಿದಾಗ ಸಂಘಟನೆಯ ಹಂಗಾಮಿ ಪ್ರಧಾನ ಕಾರ್ಯದರ್ಶಿಯ ಹೊಣೆ ಮುರುಂಬಿಯವರ ಹೆಗಲೇರಿತು.

ನಾಯಕರಾಗಲು ನೂರು ಜನ ಮುಂದೆ ಬರುವ ಸಮಯ ಅದಾಗಿರಲಿಲ್ಲ. ಆ ಕುರ್ಚಿಯಲ್ಲಿ ಕುಳಿತವರಿಗೆ ಸೆರೆಮನೆಯ ದಾರಿ ನೇರವಾಗಿ ಕಾಣುತ್ತಿತ್ತು. ದೂರದ ಕಪೆಂಗುರಿಯಾ ಎಂಬ ಕುಗ್ರಾಮದಲ್ಲಿ ಕೆನ್ಯಾಟಾ ಹಾಗೂ ಐವರು ಸಂಗಡಿಗರ ಮೇಲೆ ವಿಚಾರಣೆ ನಡೆಯಿತು. ಅವರ ಪರವಾಗಿ ವಾದಿಸಲು ಇಂಗ್ಲೆಂಡಿನಿಂದ ಡಿ. ಎನ್. ಪ್ರಿಟ್, ಭಾರತದಿಂದ ದಿವಾನ್ ಚಮನ್‌ಲಾಲ್, ನೈಜೀರಿಯಾದಿಂದ ಎಚ್. ಒ. ಡೇವಿಸ್ ಬಂದರು. ಕೀನ್ಯಾದಲ್ಲಿಯೇ ನೆಲೆಸಿದ್ದ ಭಾರತೀಯ ಮೂಲದ ವಕೀಲರೂ ಅವರ ಜೊತೆ ನಿಂತರು. ಈ ರಕ್ಷಣಾ ಕಾರ್ಯವನ್ನು ಸಂಘಟಿಸುವುದರಲ್ಲಿ ಮುರುಂಬಿಯವರ ಪಾತ್ರವಿತ್ತು. 1953ರ ಏಪ್ರಿಲಿನಲ್ಲಿ ಕೆನ್ಯಾಟಾರಿಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು. ಜೂನ್ ತಿಂಗಳಲ್ಲಿ ಸಂಘಟನೆಯನ್ನೇ ನಿಷೇಧಿಸಲಾಯಿತು.

1953ರಲ್ಲಿಯೇ ಮುರುಂಬಿ ದೇಶ ಬಿಟ್ಟು ಹೊರಟರು. ಭಾರತಕ್ಕೆ ಬಂದು ಕೀನ್ಯಾದ ಜನರ ಪರವಾಗಿ ಬೆಂಬಲ ಕೋರಿದರು. ಅಲ್ಲಿಂದ ಈಜಿಪ್ಟ್, ಅನಂತರ ಲಂಡನ್. ಇದೇ 1953ರ ಅಕ್ಟೋಬರ್ 1ರಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲ್ಲೂಕುಗಳು ಬಳ್ಳಾರಿಯೊಂದಿಗೆ ಮದರಾಸು ರಾಜ್ಯದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯವನ್ನು ಸೇರಿದವು. ನಮ್ಮ ಹಿರಿಯರು ತಮ್ಮ ನುಡಿಯ ನಾಡಿಗೆ ಸೇರಿದ ವರ್ಷವೇ ಬಳ್ಳಾರಿಯಲ್ಲಿ ಓದಿದ ಈ ಮನುಷ್ಯ ತನ್ನ ನಾಡಿಗೆ ಹೊರಗಿನವನಾದರು. ಅವರ ದೇಶಭ್ರಷ್ಟ ಜೀವನ ಸುಮಾರು ಒಂಬತ್ತು ವರ್ಷ ನಡೆಯಿತು. ಲಂಡನ್ನಿನಲ್ಲಿ ಫೆನ್ನರ್ ಬ್ರಾಕ್‌ವೇ ಅವರ ಮುಂದಾಳುತನದಲ್ಲಿ ಆರಂಭವಾದ ವಸಾಹತು ವಿಮೋಚನಾ ಚಳವಳಿಯ ಜಂಟಿ ಕಾರ್ಯದರ್ಶಿಯಾಗಿ ಅವರು ಆಫ್ರಿಕಾದ ದೇಶಗಳ ಬಿಡುಗಡೆಗಾಗಿ ದುಡಿದರು. ಗ್ರಂಥಪಾಲಕಿಯಾಗಿದ್ದ ಶೀಲಾ ಅವರ ಪರಿಚಯವಾದದ್ದು, ಮುಂದೆ ಅವರೇ ಬಾಳಸಂಗಾತಿಯಾದದ್ದು ಈ ಲಂಡನ್ ವಾಸದ ಫಲ.

ಧಾರವಾಡದ ವಿದ್ಯಾರ್ಥಿ

ಮುರುಂಬಿಯವರ ರಾಜಕೀಯ ಜೀವನವನ್ನು ರೂಪಿಸಿದ ಗೆಳೆಯ ಪಿಯೊ ಗಾಮಾ ಪಿಂಟೊ. 1927ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಈ ಗೋವಾ ಮೂಲದ ಕಥೋಲಿಕ ಯುವಕನೂ ಬಾಲ್ಯದಲ್ಲಿಯೇ ಓದಿಗಾಗಿ ಭಾರತಕ್ಕೆ ಬಂದವನು. ಗೋವಾದ ಆರ್ಪೋರಾದಲ್ಲಿ ಶಾಲೆ ಮುಗಿಸಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದವನು. ಕೀನ್ಯಾದ ಬಿಡುಗಡೆಯ ಚರಿತ್ರೆಯಲ್ಲಿ ಬಳ್ಳಾರಿ ಮತ್ತು ಧಾರವಾಡದ ವಿದ್ಯಾರ್ಥಿಗಳಿಬ್ಬರು ಹೀಗೆ ಹೆಗಲಿಗೆ ಹೆಗಲು ಕೊಟ್ಟು ನಿಂತದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಬ್ರಿಟಿಷರು ಪಿಂಟೊ ಅವರನ್ನು 1954ರಲ್ಲಿ ಬಂಧಿಸಿ ಮಾಂಡಾ ದ್ವೀಪದ ಶಿಬಿರದಲ್ಲಿ ವರ್ಷಗಟ್ಟಲೆ ಇರಿಸಿದರು.

1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಮರುವರ್ಷ ಅದೇ ದಿನ ಗಣರಾಜ್ಯವಾಗಿ ಕೆನ್ಯಾಟಾ ಅದರ ಅಧ್ಯಕ್ಷರಾದರು. 1962ರಲ್ಲಿ ತಾಯ್ನಾಡಿಗೆ ಮರಳಿದ್ದ ಮುರುಂಬಿಯವರು ಸಂಸತ್ತಿಗೆ ಆಯ್ಕೆಯಾಗಿ ಸಚಿವರಾದರು, ಬಳಿಕ ವಿದೇಶಾಂಗ ಸಚಿವರಾದರು.

ಆದರೆ ಸ್ವಾತಂತ್ರ್ಯದ ಬೆಳಕಿಗೆ ಬೇಗನೆ ಮೋಡ ಕವಿಯಿತು. ಬಿಳಿಯರು ಬಿಟ್ಟುಹೋದ ಭೂಮಿ ಉಳುವವನಿಗೆ ಸೇರಬೇಕೋ, ಹೊಸ ಅಧಿಕಾರಸ್ಥರಿಗೆ ಸೇರಬೇಕೋ ಎಂಬ ಪ್ರಶ್ನೆ ಎದ್ದಿತು. ಬಡವರ ಪರವಾಗಿ ಗಟ್ಟಿಯಾಗಿ ಮಾತನಾಡುತ್ತಿದ್ದ ಪಿಂಟೊ ಅವರನ್ನು 1965ರ ಫೆಬ್ರವರಿ 24ರಂದು ನೈರೋಬಿಯಲ್ಲಿ ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಲ್ಲಲಾಯಿತು. ಪುಟ್ಟ ಮಗಳು ಆಗ ಅದೇ ಕಾರಿನಲ್ಲಿದ್ದಳು. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಕೊಲೆ ಇದೆಂದು ಚರಿತ್ರೆ ಗುರುತಿಸುತ್ತದೆ. ಪಿಂಟೊ ಅವರಿಗೆ ಆಗ 37 ವರ್ಷ. ಗೆಳೆಯನ ಸಾವು ಮುರುಂಬಿಯವರನ್ನು ಬಹುವಾಗಿ ಘಾಸಿಗೊಳಿಸಿತು.

ಪದವಿಯಿಂದ ಇಳಿದ ಬಗೆ

1966ರಲ್ಲಿ ಉಪಾಧ್ಯಕ್ಷ ಒಗಿಂಗಾ ಒಡಿಂಗಾ ರಾಜೀನಾಮೆಯಿತ್ತಾಗ ಕೆನ್ಯಾಟಾ ಆ ಸ್ಥಾನಕ್ಕೆ ಮುರುಂಬಿಯವರನ್ನು ಆರಿಸಿದರು. ಮೇ ತಿಂಗಳಲ್ಲಿ ಅಧಿಕಾರ ವಹಿಸಿದ ಅವರು ಆ ವರ್ಷ ಮುಗಿಯುವುದರೊಳಗೆ ಅದನ್ನು ಬಿಟ್ಟುಕೊಟ್ಟರು. ಅನಾರೋಗ್ಯವೆಂಬುದು ಹೊರಗೆ ಹೇಳಿದ ಕಾರಣ. ಆದರೆ ಹೋರಾಟದ ದಿನಗಳ ಮಾತುಗಳು ಮರೆತುಹೋಗುತ್ತಿದ್ದುದು, ಭೂಮಿಯೂ ಸಂಪತ್ತೂ ಕೆಲವರ ಕೈ ಸೇರುತ್ತಿದ್ದುದು, ಪಿಂಟೊ ಅವರ ಕೊಲೆ ಇವೆಲ್ಲವೂ ಅವರನ್ನು ಅಧಿಕಾರದಿಂದ ದೂರ ಸರಿಸಿದವೆಂದು ಅವರನ್ನು ಬಲ್ಲವರು ಹೇಳುತ್ತಾರೆ.

ಅವರ ಬಳಿಕ ಆ ಸ್ಥಾನಕ್ಕೆ ಬಂದವರು ಡೇನಿಯಲ್ ಅರಪ್ ಮೊಯಿ. 1978ರಲ್ಲಿ ಕೆನ್ಯಾಟಾ ತೀರಿಕೊಂಡಾಗ ಮೊಯಿ ಅಧ್ಯಕ್ಷರಾಗಿ 2002ರವರೆಗೆ ದೇಶವನ್ನಾಳಿದರು. ಮುರುಂಬಿಯವರು ಬಿಟ್ಟದ್ದು ಎಂಥ ಸ್ಥಾನವೆಂಬುದು ಇದರಿಂದ ತಿಳಿಯುತ್ತದೆ. ಹಿಡಿದ ಕುರ್ಚಿಯನ್ನು ಬಿಡಲೊಲ್ಲದ ನಾಯಕರೇ ಹೆಚ್ಚಾಗಿ ಕಾಣುವ ಜಗತ್ತಿನಲ್ಲಿ ಈ ಉದಾಹರಣೆ ಅಪರೂಪದ್ದೆನ್ನಬೇಕು. ಆದರೂ ಅವರು ರಾಜೀನಾಮೆಯಿತ್ತು ಬೀದಿಯಲ್ಲಿ ಘೋಷಣೆ ಕೂಗಲಿಲ್ಲ. ಹೊಸ ಪಕ್ಷ ಕಟ್ಟಲಿಲ್ಲ. ಅವರ ಮೌನ ದೇಶಕ್ಕೆ ನಷ್ಟವೆಂದು ಹೇಳುವವರೂ ಇದ್ದಾರೆ, ಆ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಕಾಗದ ಪತ್ರಗಳ ಕಾವಲುಗಾರ

ಅಧಿಕಾರ ಬಿಟ್ಟ ಮುರುಂಬಿಯವರು ಸುಮ್ಮನೆ ಕೂರಲಿಲ್ಲ. ದೇಶ ಬಿಡುಗಡೆ ಹೊಂದಿದರೆ ಸಾಲದು, ತನ್ನ ನೆನಪನ್ನೂ ತಾನೇ ಕಾಯ್ದುಕೊಳ್ಳಬೇಕೆಂಬುದು ಅವರ ನಂಬಿಕೆ. ಆಫ್ರಿಕಾದ ಬಗೆಗಿನ ಗ್ರಂಥಗಳು, ಪತ್ರಗಳು, ಅಂಚೆಚೀಟಿಗಳು, ಮರದ ಕೆತ್ತನೆಗಳು, ನೇಯ್ಗೆಗಳು, ಒಡವೆಗಳು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಜೀವಮಾನವಿಡೀ ಕೂಡಿಟ್ಟರು. ಅವರ ಗ್ರಂಥಭಂಡಾರದಲ್ಲಿ ಸಾವಿರಾರು ಅಪರೂಪದ ಪುಸ್ತಕಗಳಿದ್ದವು. ಇವುಗಳಲ್ಲಿ 1900ಕ್ಕಿಂತ ಮೊದಲು ಅಚ್ಚಾದವೂ ಹೇರಳವಾಗಿದ್ದವು. ಅಲನ್ ಡೊನೊವನ್ ಎಂಬ ಅಮೆರಿಕನ್ ಗೆಳೆಯನೊಡನೆ ಸೇರಿ 1970ರ ದಶಕದಲ್ಲಿ ನೈರೋಬಿಯಲ್ಲಿ 'ಆಫ್ರಿಕನ್ ಹೆರಿಟೇಜ್' ಎಂಬ ಕಲಾಮಂದಿರವನ್ನು ತೆರೆದರು.

ಈ ಸಂಗ್ರಹಕ್ಕೆ ವಿದೇಶಗಳಿಂದ ಬೇಡಿಕೆ ಬಂದರೂ ಅದು ಕೀನ್ಯಾದಲ್ಲಿಯೇ ಉಳಿಯಬೇಕೆಂದು ಅವರು ಹಟ ಹಿಡಿದರು. ತಮ್ಮ ಮನೆಯನ್ನೂ ಸಂಗ್ರಹವನ್ನೂ ಸರಕಾರಕ್ಕೆ ಒಪ್ಪಿಸಿದರು. ಆ ಮನೆ ಆಫ್ರಿಕಾ ಅಧ್ಯಯನ ಕೇಂದ್ರವಾಗಬೇಕೆಂಬುದು ಅವರ ಆಶಯ. ಅದು ನೆರವೇರಲಿಲ್ಲ. ಮನೆಯನ್ನು ಕೆಡವಲಾಯಿತು. ಆದರೆ ಪುಸ್ತಕಗಳೂ ಪತ್ರಗಳೂ ಉಳಿದವು. ನೈರೋಬಿಯ ನಡುಮಧ್ಯದಲ್ಲಿ ಹಿಂದೆ ಬ್ಯಾಂಕೊಂದು ಇದ್ದ ಕಟ್ಟಡವೇ ಇಂದು ಕೀನ್ಯಾ ರಾಷ್ಟ್ರೀಯ ಪತ್ರಾಗಾರ. ಅಲ್ಲಿ ಮುರುಂಬಿಯವರ ಹೆಸರಿನ ವಸ್ತುಸಂಗ್ರಹವಿದೆ.

1990ರ ಜೂನ್ 22ರಂದು, 79ನೆಯ ಹುಟ್ಟುಹಬ್ಬ ಕಳೆದ ನಾಲ್ಕನೆಯ ದಿನ, ಅವರು ತೀರಿಕೊಂಡರು. ನೈರೋಬಿಯ ಸಿಟಿ ಪಾರ್ಕಿನಲ್ಲಿ ಗೆಳೆಯ ಪಿಂಟೊ ಅವರ ಸಮಾಧಿಯ ಸಮೀಪದಲ್ಲಿಯೇ ಅವರನ್ನು ಮಣ್ಣುಮಾಡಲಾಯಿತು. ಬಳ್ಳಾರಿಯ ವಿದ್ಯಾರ್ಥಿಯೂ ಧಾರವಾಡದ ವಿದ್ಯಾರ್ಥಿಯೂ ಅಲ್ಲಿ ನೆರೆಹೊರೆಯವರಾಗಿ ಮಲಗಿದ್ದಾರೆ.

ನಮ್ಮ ತಾಲ್ಲೂಕುಗಳಿಗೆ ಇದರಿಂದೇನು?

ದೊಡ್ಡವರ ಚರಿತ್ರೆ ಓದಿ ಮಡಿಸಿಡುವುದಕ್ಕಲ್ಲ. ಮುರುಂಬಿಯವರ ಬಾಳು ನಮ್ಮ ಈ ಐದು ತಾಲ್ಲೂಕುಗಳಿಗೆ ಎರಡು ಮಾತುಗಳನ್ನು ಹೇಳುತ್ತದೆ.

ಮೊದಲನೆಯದು ಮಕ್ಕಳ ಹೆಸರಿನ ಮಾತು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ಕಡೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಟುಂಬಗಳು ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ತಂದೆ ತಾಯಿ ಗುಳೆ ಹೋದಾಗ ಹಾಸ್ಟೆಲಿನಲ್ಲಿಯೋ ಅಜ್ಜಿಯ ಬಳಿಯೋ ಉಳಿಯುವ ಮಗುವಿನ ಒಂಟಿತನ, ಕಡಲು ದಾಟಿ ಬಂದ ಆ ಆರು ವರ್ಷದ ಬಾಲಕನ ಒಂಟಿತನಕ್ಕಿಂತ ಬೇರೆಯಲ್ಲ. ಇದಕ್ಕಿಂತ ಕಠಿಣವಾದ ಇನ್ನೊಂದು ನೋವು ನಮ್ಮ ಸೀಮೆಯದು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೆಯೂ, ಆ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಜಾಗ ಬಂದಾಗ ತಲೆ ತಗ್ಗಿಸಿ ನಿಲ್ಲಬೇಕಾದ ಸ್ಥಿತಿ ದೀರ್ಘಕಾಲ ಇತ್ತು. 2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ಶಾಸನದ ಉದ್ದೇಶಗಳಲ್ಲಿ ಈ ಮಕ್ಕಳ ಗುರುತಿನ ಹಕ್ಕೂ ಸೇರಿದೆ. ಆದರೆ ಶಾಸನ ಪುಸ್ತಕದಲ್ಲಿದ್ದರೆ ಸಾಲದು. ದಾಖಲಾತಿಯ ದಿನ ಮೇಜಿನ ಆಚೆ ಕುಳಿತ ಗುರುಗಳ, ಗುಮಾಸ್ತರ ಮುಖದಲ್ಲಿಯೂ ಅದು ಕಾಣಬೇಕು. ತಾಯಿಯ ಕಡೆಯ ಹೆಸರನ್ನು ತಲೆಯೆತ್ತಿ ಧರಿಸಿದ ಒಬ್ಬ ಮನುಷ್ಯ ಒಂದು ರಾಷ್ಟ್ರದ ಉಪಾಧ್ಯಕ್ಷನಾದನೆಂಬ ಕಥೆಯನ್ನು ನಮ್ಮ ಶಾಲೆ ಹಾಸ್ಟೆಲುಗಳ ಮಕ್ಕಳಿಗೆ ಹೇಳಬೇಕಾದ ಹೊಣೆ ನಮ್ಮದು. ಅದರಲ್ಲಿಯೂ ಆತ ಕಲಿತದ್ದು ಬಳ್ಳಾರಿಯಲ್ಲಿ ಎಂದು ಹೇಳಿದರೆ ಆ ಮಕ್ಕಳಿಗೆ ಅದು ಪರದೇಶದ ಕಥೆಯಾಗಿ ಉಳಿಯುವುದಿಲ್ಲ.

ಎರಡನೆಯದು ಕಾಗದ ಪತ್ರಗಳ ಮಾತು. ಬಳ್ಳಾರಿ ಮಿಶನ್ 1928ರಲ್ಲಿ ಪ್ರತ್ಯೇಕವಾಗಿ 1949ರಲ್ಲಿ ಧರ್ಮಪ್ರಾಂತ್ಯವಾಯಿತು. ಅದಕ್ಕೂ ಹಿಂದಿನಿಂದ ನಮ್ಮ ಸೀಮೆಯಲ್ಲಿ ಶಾಲೆ, ಆಸ್ಪತ್ರೆ, ಅನಾಥಾಲಯಗಳು ನಡೆದಿವೆ. ಇಂಥ ಸಂಸ್ಥೆಗಳ ಹಳೆಯ ದಾಖಲಾತಿ ಪುಸ್ತಕಗಳು, ಜ್ಞಾನಸ್ನಾನದ ರಿಜಿಸ್ಟರುಗಳು, ಗುಂಪು ಛಾಯಾಚಿತ್ರಗಳು ಬೀರುಗಳಲ್ಲಿ ಗೆದ್ದಲಿಗೆ ಆಹಾರವಾಗಬಾರದು. ಯಾವ ಪುಟದಲ್ಲಿ ಯಾವ ಮುರುಂಬಿಯ ಹೆಸರಿದೆಯೋ ಬಲ್ಲವರಾರು? ಪ್ರತಿ ಧರ್ಮಕೇಂದ್ರದಲ್ಲಿ, ಪ್ರತಿ ಶಾಲೆಯಲ್ಲಿ ಓದು ಬಲ್ಲ ಇಬ್ಬರು ಯುವಕ ಯುವತಿಯರು ಕುಳಿತು ಈ ಪುಸ್ತಕಗಳ ಪಟ್ಟಿ ಮಾಡಿ, ಒಂದೊಂದು ನಕಲು ತೆಗೆದಿಟ್ಟರೆ ಮುಂದಿನವರು ನೆನೆಯುತ್ತಾರೆ. ಬೇಸಿಗೆಯ ರಜೆಯಲ್ಲಿ ಆರಂಭಿಸಬಹುದಾದ ಕೆಲಸವಿದು.